ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್: ಬಾಯಿಪಾಠ ಕಡಿಮೆ ಮಾಡಿ, ಕೆಲಸ ಕೊಡಿ

ಜೂನ್ ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಊರಿಂದ ಫೋನ್ ಮಾಡಿದ ನೆಂಟರೂ ಕೇಳುತ್ತಾರೆ. "ಇಂಗ್ಲಿಷ್ ಕಲಿಸೋಕೆ ಯಾವ ಪುಸ್ತಕ ಒಳ್ಳೇದು? ಯಾವ ಆಪ್ ಹಾಕ್ಕೊಳ್ಳಲಿ? ಯೂಟ್ಯೂಬಲ್ಲಿ ಯಾರದ್ದು ತೋರಿಸಲಿ?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡು ಬಂದಿರುವ ನನಗೆ ಪುಸ್ತಕ, ಆಪ್, ವಿಡಿಯೊ ಎಲ್ಲ ಆಮೇಲಿನ ಮಾತು ಅನಿಸುತ್ತದೆ. ಆ ಒಂದು ಪೀರಿಯಡ್ಡಿನಲ್ಲಿ ಮಗು ಇಂಗ್ಲಿಷ್ ಇಟ್ಟುಕೊಂಡು ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಸುಮ್ನೆ ಕೇಳಿ, ಹೇಳಿ, ನೋಟ್ಸ್ ಬರೆದುಕೊಂಡರೆ ಪುಸ್ತಕ ಎಷ್ಟು ಒಳ್ಳೆಯದಾದರೂ ಅಷ್ಟಕ್ಕಷ್ಟೇ. ಇಂಗ್ಲಿಷ್ ಅರ್ಥವಾದರೆ ಮಾತ್ರ ಮುಗಿಯುವಂಥ ಒಂದು ಕೆಲಸವನ್ನು ಮಗುವಿನ ಕೈಗೆ ಕೊಟ್ಟು ನೋಡಿ, ಕರಿ ಹಲಗೆ ಮತ್ತು ಸೀಮೆಸುಣ್ಣ ಇದ್ದರೂ ಪಾಠ ನಡೆಯುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ 1ನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದಕ್ಕೂ ಮೊದಲು 5ನೇ ತರಗತಿಗೆ ಬಂದ ಮೇಲೇ ಎಬಿಸಿಡಿ. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವೂ ಶುರುವಾಯಿತು. ಮೀಡಿಯಂ ಯಾವುದಿರಬೇಕು ಅನ್ನುವ ಜಗಳಕ್ಕೆ ನಾನಿಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಬರಹ ಬೇಕು. ನನ್ನ ಸಂಕಟ ಬೇರೆ. 1ನೇ ತರಗತಿಯಿಂದ ಇಂಗ್ಲಿಷ್ ಕೇಳಿಸಿಕೊಂಡು ಬಂದ ಹುಡುಗಿ 8ನೇ ತರಗತಿಗೆ ಬರುವ ಹೊತ್ತಿಗೆ ಏಳು ವರ್ಷ ಆಗಿರುತ್ತದೆ. ಅಷ್ಟಾದರೂ ಪಾಠದ ಒಂದು ಪ್ಯಾರಾವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳಲಾರಳು ಅಂದರೆ ಅವಳ ಬುದ್ಧಿಯನ್ನು ದೂರುವುದು ಅನ್ಯಾಯ. ಅದೇ ಹುಡುಗಿ ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು ಲೆಕ್ಕ ನೋಡುತ್ತಾಳೆ, ಫೋನಿನಲ್ಲಿ ತೆಲುಗು ಸಿನಿಮಾ ನೋಡಿ ಅರ್ಧ ತೆಲುಗು ಕಲಿತಿರುತ್ತಾಳೆ.

ಅಂಥ ಹುಡುಗಿಯ ಪಠ್ಯಪುಸ್ತಕವನ್ನು ಒಮ್ಮೆ ಕೈಗೆ ತಗೊಂಡು ನೋಡಿ. ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಒತ್ತೊತ್ತಾಗಿ ಕನ್ನಡದಲ್ಲಿ ಬರೆದಿರುತ್ತಾಳೆ: "ಒನ್ಸ್ ದೇರ್ ವಾಸ್ ಎ ಕಿಂಗ್." ಅದು ಅನುವಾದವಲ್ಲ, ಉಚ್ಚಾರಣೆ ಅಷ್ಟೇ. ನಾಳೆ ಮೇಷ್ಟ್ರು ಎಬ್ಬಿಸಿ ಓದು ಅಂದಾಗ ಮರ್ಯಾದೆ ಉಳಿಯಲಿ ಅಂತ ಮಾಡಿಕೊಂಡ ಏರ್ಪಾಡು. ಎದ್ದು ನಿಂತು ಗಡಗಡ ಓದುತ್ತಾಳೆ, ಕೇಳಿದವರಿಗೆ ಇಂಗ್ಲಿಷ್ ಬರುತ್ತದೆ ಅನಿಸುತ್ತದೆ. ಅವಳ ಕಣ್ಣು ಮಾತ್ರ ಇಂಗ್ಲಿಷ್ ಅಕ್ಷರದ ಮೇಲೆ ಒಮ್ಮೆಯೂ ನಿಂತಿರುವುದಿಲ್ಲ. ಈ ಪೆನ್ಸಿಲ್ ಸಾಲು ಕಂಡರೆ ಎಷ್ಟೋ ಶಿಕ್ಷಕರು ಬೈದು ರಬ್ಬರಿನಲ್ಲಿ ಅಳಿಸುತ್ತಾರೆ. ಬೈಯುವ ಮೊದಲು ಅದರಲ್ಲಿ ಏನಿದೆ ಅಂತ ನೋಡಬೇಕು ಅನ್ನುವುದು ನನ್ನ ಮಾತು. ಕೇಳಿದ ಶಬ್ದವನ್ನು ತುಂಡು ತುಂಡು ಮಾಡಿ ಅಕ್ಷರಕ್ಕೆ ಇಳಿಸುವುದು ಅವಳಿಗೆ ಚೆನ್ನಾಗಿ ಗೊತ್ತಿದೆ. ಓದಿನ ಅರ್ಧ ದಾರಿ ಅದೇ. ಇಂಗ್ಲಿಷ್ ಅಕ್ಷರಗಳು ಯಾವ ಶಬ್ದ ಕೊಡುತ್ತವೆ ಅನ್ನುವುದನ್ನು ಮಾತ್ರ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ.

ನಾವು ಹೇಳಿಕೊಡುವುದು ಅಕ್ಷರಗಳ ಹೆಸರು. ಸಿ, ಎ, ಟಿ. ಈ ಮೂರನ್ನು ಎಷ್ಟು ಜೋರಾಗಿ ಕೂಡಿಸಿ ಹೇಳಿದರೂ "ಕ್ಯಾಟ್" ಬರುವುದಿಲ್ಲ, "ಸೀಯೇಟೀ" ಬರುತ್ತದೆ. ಕನ್ನಡದಲ್ಲಿ ಈ ತೊಂದರೆ ಇಲ್ಲ, ಅಕ್ಷರದ ಹೆಸರೇ ಅದರ ಶಬ್ದ. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಶಬ್ದ. ಹಾಗಾಗಿ ಫೋನಿಕ್ಸ್ ಅನ್ನುವ ವಿಧಾನದಲ್ಲಿ ಮಗುವಿಗೆ ಮೊದಲು ಶಬ್ದ ಕಲಿಸುತ್ತಾರೆ. ಅದೂ ಎಬಿಸಿಡಿ ಕ್ರಮದಲ್ಲಿ ಅಲ್ಲ. ತುಂಬಾ ಕಡೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಮೊದಲು ಬರುವುದು ಎಸ್, ಎ, ಟಿ, ಐ, ಪಿ, ಎನ್. ಈ ಆರು ಅಕ್ಷರ ಗೊತ್ತಾದರೆ ಸಿಟ್, ಪಿನ್, ಟಿನ್, ನ್ಯಾಪ್, ಟ್ಯಾಪ್, ಸ್ಪಿನ್ ಹೀಗೆ ಹತ್ತಾರು ಪದ ಮಗು ತಾನೇ ಕೂಡಿಸಿ ಓದಬಹುದು. ಮೊದಲ ವಾರದಲ್ಲೇ "ನಾನೇ ಓದಿದೆ" ಅನ್ನುವ ಖುಷಿ ಸಿಗುತ್ತದೆ.

ಇದಕ್ಕೆ ಖಾಸಗಿ ಶಾಲೆಗಳಲ್ಲಿ ದುಬಾರಿ ಕಿಟ್ ತರಿಸುತ್ತಾರೆ. ಕನ್ನಡ ಓದಲು ಬರುವ ಮಗುವಿಗೆ ಆ ಕಿಟ್ ಬೇಕಾಗಿಯೇ ಇಲ್ಲ. ಕಾಗುಣಿತ ಕಲಿತ ಮಗುವಿಗೆ ಕ್ ಜೊತೆಗೆ ಅ ಸೇರಿದರೆ ಕ, ಇ ಸೇರಿದರೆ ಕಿ ಅನ್ನುವುದು ರಕ್ತಗತ. ಹಲಗೆಯ ಒಂದು ಕಡೆ ಸ್, ಟ್, ಪ್, ನ್ ಅಂತ ಬರೆದು, ಎದುರಿಗೆ ಇಂಗ್ಲಿಷ್ ಅಕ್ಷರ ಬರೆದು, "ಇದು ಪ್, ಇದು ಇ, ಇದು ನ್, ಸೇರಿಸಿ ನೋಡೋಣ" ಅಂದರೆ ಎರಡನೇ ಪದಕ್ಕೇ ಮಕ್ಕಳು ಮುಂದೆ ಓಡುತ್ತಾರೆ. ಆಮೇಲೆ ಬರುವ ತಲೆನೋವಿನ ಬಗ್ಗೆಯೂ ಮೊದಲೇ ಹೇಳಿಬಿಡಬೇಕು. ಎ ಅನ್ನುವ ಒಂದೇ ಅಕ್ಷರ ಕ್ಯಾಟ್‌ನಲ್ಲಿ ಒಂದು ಥರ, ಕೇಕ್‌ನಲ್ಲಿ ಇನ್ನೊಂದು ಥರ, ಬಾಲ್‌ನಲ್ಲಿ ಮತ್ತೊಂದು ಥರ. ಪಿನ್ ಪದದ ಕೊನೆಗೆ ಇ (E) ಅನ್ನುವ ಅಕ್ಷರ ಬಂದರೆ ಪೈನ್ ಆಗುತ್ತದೆ, ಕ್ಯಾಪ್ ಕೊನೆಗೆ ಇ ಬಂದರೆ ಕೇಪ್. ಇದನ್ನೆಲ್ಲ ಗುಂಪು ಗುಂಪಾಗಿ ತೋರಿಸಿದರೆ ಮಕ್ಕಳೇ ನಿಯಮ ಹುಡುಕುತ್ತಾರೆ. ನಿಯಮಕ್ಕೆ ಸಿಗದ ಪದಗಳನ್ನು, "ಸೆಡ್" (said), "ವನ್ಸ್" (once) ಥರದವನ್ನು, ನೋಡಿ ನೋಡಿಯೇ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ. ಇದೆಲ್ಲ 1, 2ನೇ ತರಗತಿಯ ಕೆಲಸ, ಹೈಸ್ಕೂಲಿಗೆ ಬಂದ ಮೇಲೆ ಮಾಡುವುದೇ ಅನ್ನುವವರಿದ್ದಾರೆ. ಕಲಿಯದೆ ಬಂದವರಿಗೆ ಮಾಡಲೇಬೇಕು. ಜೂನ್, ಜುಲೈ ಎರಡು ತಿಂಗಳು ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಎಷ್ಟೋ ಮಕ್ಕಳಿಗೆ ಆ ಪೆನ್ಸಿಲ್ ಸಾಲಿನ ಹಂಗು ತಪ್ಪುತ್ತದೆ.

ಓದುವುದು ಹೀಗಾಯಿತು. ಮಾತು, ಅರ್ಥ ಹೇಗೆ ಬರಬೇಕು? ಇಲ್ಲಿ ನಮ್ಮ ಬೆಂಗಳೂರಿನದೇ ಒಂದು ಕಥೆ ಇದೆ. ಪ್ರಪಂಚದ ಬೇರೆ ಬೇರೆ ಕಡೆ ಇಂಗ್ಲಿಷ್ ಕಲಿಸಲು ತರಬೇತಿ ಪಡೆಯುವವರು ಅದನ್ನು ಓದುತ್ತಾರೆ, ನಮ್ಮ ಶಿಕ್ಷಕರ ಕೋಣೆಗಳಲ್ಲಿ ಮಾತ್ರ ಅದರ ಹೆಸರು ಕೇಳುವುದೇ ಅಪರೂಪ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅನ್ನುವವರು ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆಗಿತ್ತು. ಹಾಗಾಗಿ ಮದ್ರಾಸಿನ ಕಡೆಯ ಶಾಲೆಗಳೂ ಇದ್ದ ಈ ಪ್ರಯೋಗಕ್ಕೆ "ಬೆಂಗಳೂರು ಪ್ರಾಜೆಕ್ಟ್" ಅಂತಲೇ ಹೆಸರು ನಿಂತಿತು.

ಆಗ ನಮ್ಮಲ್ಲಿ ನಡೆಯುತ್ತಿದ್ದುದು ಸ್ಟ್ರಕ್ಚರಲ್ ವಿಧಾನ. ಇವತ್ತು "ದಿಸ್ ಈಸ್ ಎ ಪೆನ್", ನಾಳೆ "ದಟ್ ಈಸ್ ಎ ಡೋರ್", ನಾಡಿದ್ದು ಇನ್ನೊಂದು. ವಾಕ್ಯದ ಅಚ್ಚನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಮಕ್ಕಳಿಂದ ಹೇಳಿಸಿ ಹೇಳಿಸಿ ಗಟ್ಟಿ ಮಾಡಿಸುವುದು. ಪ್ರಭು ಅವರಿಗೆ ಅನಿಸಿದ್ದು ಬೇರೆ. ಮನಸ್ಸು ಅರ್ಥದ ಹಿಂದೆ ಬಿದ್ದಾಗ ಭಾಷೆಯ ರಚನೆ ತಾನಾಗಿ ಒಳಗೆ ಇಳಿಯುತ್ತದೆ, ಅದಕ್ಕೆ ವ್ಯಾಕರಣದ ಪಟ್ಟಿ ಇಟ್ಟುಕೊಂಡು ಪಾಠ ಮಾಡುವುದು ಬೇಡ ಅಂತ. ಆದ್ದರಿಂದ ಅವರ ತರಗತಿಗಳಲ್ಲಿ ವ್ಯಾಕರಣದ ಸಿಲಬಸ್ಸೇ ಇರಲಿಲ್ಲ, ಇದ್ದದ್ದು ಕೆಲಸಗಳ ಸರಣಿ. ರೈಲಿನ ವೇಳಾಪಟ್ಟಿ ನೋಡಿ ಉತ್ತರ ಹುಡುಕುವುದು, ನಕ್ಷೆಯಲ್ಲಿ ದಾರಿ ಕಂಡುಹಿಡಿಯುವುದು, ಹೇಳಿದಂತೆ ಚಿತ್ರ ಬರೆಯುವುದು. ಮೊದಲು ಶಿಕ್ಷಕರು ಇಡೀ ತರಗತಿಯ ಜೊತೆ ಅಂಥದೇ ಒಂದು ಕೆಲಸವನ್ನು ಜೋರಾಗಿ ಮಾತಾಡಿಕೊಂಡು ಮಾಡಿ ತೋರಿಸುವುದು, ಆಮೇಲೆ ಅದನ್ನೇ ಹೋಲುವ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಮಾಡುವುದು. ಉತ್ತರ ಸರಿಯಾ ಅಂತ ನೋಡಿ ಅಂಕ. ವಾಕ್ಯ ಸರಿಯಾ ಅಂತ ನೋಡಿ ಅಲ್ಲ. ಕೆಲಸ ಎಷ್ಟು ಕಷ್ಟ ಇರಬೇಕು ಅನ್ನುವುದಕ್ಕೂ ಒಂದು ಅಂದಾಜು ಇಟ್ಟುಕೊಂಡಿದ್ದರು: ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟಾದರೂ ಸರಿ ಮಾಡುವಂತಿರಬೇಕು. ತರಗತಿಯನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಹೊಳೆಯುವ ಅಳತೆ ಅದು.

ನಾನು ಇದನ್ನು ನಮ್ಮೂರಿನ ಕಡೆಗೆ ತಿರುಗಿಸಿಕೊಂಡು ಮಾಡುವ ರೀತಿ ಹೇಳುತ್ತೇನೆ. ಹಲಗೆಯ ಮೇಲೆ ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ಬಸ್ಸುಗಳ ಒಂದು ಪಟ್ಟಿ ಬರೆಯುತ್ತೇನೆ. ನಾನೇ ಮಾಡಿಕೊಂಡ ಪಟ್ಟಿ, ಡಿಪೋದ್ದಲ್ಲ. 7.15ಕ್ಕೆ ಹೊರಟರೆ 8.30ಕ್ಕೆ ಹಾಸನ, 8.30ಕ್ಕೆ ಹೊರಟರೆ 9.45, 9.40ಕ್ಕೆ ಹೊರಟರೆ 10.55. ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತೇನೆ: ಗೌರಮ್ಮನವರು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಇರಬೇಕು, ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ, "ವಿಚ್ ಬಸ್ ಮಸ್ಟ್ ಶಿ ಟೇಕ್?" ಒಂದು ಕ್ಷಣ ಯಾರೂ ಮಾತಾಡುವುದಿಲ್ಲ, ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬ, "ಎಯ್ಟ್ ಥರ್ಟಿ ಬಸ್ ಸಾರ್." "ವೈ ನಾಟ್ ನೈನ್ ಫಾರ್ಟಿ?" "ನೈನ್ ಫಾರ್ಟಿ ಲೇಟ್ ಸಾರ್." "ಯೆಸ್, ದಟ್ ಬಸ್ ಈಸ್ ಟೂ ಲೇಟ್." ಅಷ್ಟೇ. ಅವನ ವಾಕ್ಯವನ್ನು ನಿಲ್ಲಿಸಿ ತಿದ್ದಲಿಲ್ಲ. ಸರಿಯಾದ ರೂಪ ನನ್ನ ಬಾಯಿಂದ ಬಂತು, ಮಾತು ಮುಂದೆ ಹೋಯಿತು. ಇನ್ನೊಬ್ಬಳು ಎದ್ದು, "ಸೆವೆನ್ ಫಿಫ್ಟೀನ್ ಆಲ್ಸೋ ಓಕೆ ಸಾರ್" ಅನ್ನುತ್ತಾಳೆ. ಹೌದಲ್ವಾ! ಆದರೆ ಗೌರಮ್ಮನವರು ಹಾಲು ಡೈರಿಗೆ ಹಾಕಿ ಎಂಟು ಗಂಟೆಗೆ ಮನೆಗೆ ಬರುವುದು ಅಂತ ನಾನು ಸೇರಿಸುತ್ತೇನೆ. "ದೆನ್ ಓನ್ಲಿ ಎಯ್ಟ್ ಥರ್ಟಿ." ಈಗ ಅಲ್ಲಿ ವಾದ ನಡೆಯುತ್ತಿದೆ, ಇಂಗ್ಲಿಷಿನಲ್ಲಿ, ತುಂಡು ತುಂಡು ಇಂಗ್ಲಿಷ್ ಆದರೂ ಅವರದೇ. ಆ ಬಸ್ಸು ಪಂಕ್ಚರ್ ಆದರೆ ಏನು ಮಾಡುವುದು ಅಂತ ಕೇಳಿದರೆ ಇಡೀ ಪೀರಿಯಡ್ ಸಾಲುವುದಿಲ್ಲ.

ಪ್ರಭು ಅವರು ಇಂಥ ಕೆಲಸಗಳನ್ನು ಮೂರು ಬಗೆಯಾಗಿ ನೋಡಿದರು. ಒಬ್ಬರ ಹತ್ತಿರ ಇರುವ ಮಾಹಿತಿ ಇನ್ನೊಬ್ಬರಿಗೆ ತಲುಪಿಸುವುದು ಒಂದು, ಇದ್ದ ಮಾಹಿತಿಯಿಂದ ಯೋಚಿಸಿ ಹೊಸದನ್ನು ಕಂಡುಕೊಳ್ಳುವುದು ಇನ್ನೊಂದು, ತಮ್ಮ ಅಭಿಪ್ರಾಯ ಹೇಳುವುದು ಮೂರನೆಯದು. ಎರಡನೆಯದೇ ಶಾಲೆಯ ಮಕ್ಕಳಿಗೆ ಹೆಚ್ಚು ಒಗ್ಗುತ್ತದೆ ಅಂತ ಅವರಿಗೆ ಕಂಡಿತು. ನನಗೂ ಹಾಗೇ ಕಂಡಿದೆ. "ನಿನ್ನ ಅಭಿಪ್ರಾಯ ಹೇಳು" ಅಂದರೆ 8ನೇ ತರಗತಿಯ ಮಕ್ಕಳು ನೆಲ ನೋಡುತ್ತಾರೆ. ಗೌರಮ್ಮನವರ ಬಸ್ಸಿಗೆ ಒಂದು ಸರಿಯುತ್ತರ ಇದೆ, ಅದನ್ನು ನಾನು ಹಿಡಿಯಬಲ್ಲೆ ಅನ್ನುವ ಧೈರ್ಯ ಇರುತ್ತದೆ. ಮಾತು ಆ ಧೈರ್ಯದ ಬೆನ್ನಿಗೇ ಬರುತ್ತದೆ.

ಫಲ ಏನು ಬಂತು ಅಂತ ಕೇಳುವುದು ನ್ಯಾಯ. ಬೆರೆಟ್ಟ ಮತ್ತು ಡೇವಿಸ್ ಅನ್ನುವ ಇಬ್ಬರು ಪ್ರಯೋಗದ ತರಗತಿಗಳನ್ನೂ ಮಾಮೂಲಿ ತರಗತಿಗಳನ್ನೂ ಪರೀಕ್ಷಿಸಿ 1985ರಲ್ಲಿ ಬರೆದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೇ ವಿಧಾನದ ಮಕ್ಕಳು ಮುಂದೆ, ಕೆಲಸದ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದೆ. ಎರಡೂ ಕಡೆಗೆ ವಾಲದಂತೆ ಮಾಡಿದ ಡಿಕ್ಟೇಷನ್, ಓದಿ ಅರ್ಥ ಮಾಡಿಕೊಳ್ಳುವಂಥ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳೇ ಮುಂದಿದ್ದರು. ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಪ್ರಯೋಗದಲ್ಲಿ ಪಾಠ ಮಾಡಿದ ಬಹಳ ಜನ ಜಾಸ್ತಿ ಓದಿದ, ಒಳ್ಳೆ ತರಬೇತಿ ಇದ್ದ ಶಿಕ್ಷಕರು. ಅದೇ ವಿಧಾನವನ್ನು ಮಾಮೂಲಿ ಶಾಲಾ ಶಿಕ್ಷಕರು ಮಾಡಲು ಹೊರಟಾಗ ಎಷ್ಟೋ ಜನರಿಗೆ ಕಷ್ಟವಾಯಿತು. ಯಾಕೆ ಅಂತ ನಮಗೆ ಗೊತ್ತು. ಮಗು ಎಲ್ಲಿಗೆ ಮಾತು ತಿರುಗಿಸುತ್ತದೋ ಅಲ್ಲಿಗೆ ಶಿಕ್ಷಕರ ಇಂಗ್ಲಿಷೂ ತಿರುಗಬೇಕು. ಗೈಡ್ ನೋಡಿ ಪ್ರಶ್ನೋತ್ತರ ಬರೆಸುವುದಕ್ಕೆ ಅಷ್ಟು ಇಂಗ್ಲಿಷ್ ಬೇಕಾಗುವುದಿಲ್ಲ.

ಇಲ್ಲಿಗೆ ಬಂದರೆ ನನಗೆ ತುಂಬಾ ಮುಖ್ಯ ಅನಿಸುವ ಮಾತು ಬರುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಬಾರದು ಅನ್ನುವ ನಿಯಮ. ತರಬೇತಿಯಲ್ಲಿ ಹೇಳುತ್ತಾರೆ, ಕೆಲವು ಶಾಲೆಗಳಲ್ಲಿ ಕನ್ನಡ ಆಡಿದ ಮಗುವಿಗೆ ದಂಡವನ್ನೂ ಹಾಕುತ್ತಾರೆ. ಇದರಿಂದ ಆಗುವುದೇನು? ಶಿಕ್ಷಕರಿಗೂ ಇಂಗ್ಲಿಷ್ ತಡವರಿಸುತ್ತದೆ, ಮಕ್ಕಳಿಗೂ ಅರ್ಥವಾಗುವುದಿಲ್ಲ, ಇಬ್ಬರೂ ಪುಸ್ತಕದ ಮರೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ವೇಲ್ಸ್‌ನ ಸಿ. ಜೆ. ಡಾಡ್ಸನ್ 1967ರಲ್ಲೇ ದ್ವಿಭಾಷಾ ವಿಧಾನ ಅಂತ ಒಂದನ್ನು ಬರೆದು ಮುಂದಿಟ್ಟರು. ಹೊಸ ವಾಕ್ಯ ಬಂದಾಗ ಅದರ ಅರ್ಥವನ್ನು ಶಿಕ್ಷಕರು ಮಗುವಿನ ಭಾಷೆಯಲ್ಲಿ ಥಟ್ಟನೆ ಹೇಳಿಬಿಡುವುದು, ಉಳಿದ ಸಮಯವೆಲ್ಲ ಹೊಸ ಭಾಷೆಯ ಅಭ್ಯಾಸಕ್ಕೆ. ನನ್ನ ತರಗತಿಯಲ್ಲಿ ಅದು ಹೀಗಿರುತ್ತದೆ: "ಶಿ ಮಿಸ್ಡ್ ದ ಬಸ್." "ಬಸ್ ತಪ್ಪಿಸಿಕೊಂಡಳು." "ಶಿ ಮಿಸ್ಡ್ ದ ಬಸ್." ಮೂರು ಸೆಕೆಂಡಿನ ಕೆಲಸ. ಇದನ್ನೇ ಕನ್ನಡ ಬಳಸದೆ ಮಾಡಲು ಹೋಗಿ, ಓಡಿ ತೋರಿಸಿ, ಕೈ ಬೀಸಿ ತೋರಿಸಿ, ಕೊನೆಗೆ "ಬಸ್ಸಿಗೆ ಟಾಟಾ ಮಾಡಿದಳು" ಅಂತ ಮಕ್ಕಳು ತಿಳಿದುಕೊಂಡ ತರಗತಿಯನ್ನೂ ಕೂತು ನೋಡಿದ್ದೇನೆ. ಹಾಗಂತ ಇಡೀ ಪಾಠವನ್ನು ಕನ್ನಡದಲ್ಲಿ ಹೇಳಿ ಮುಗಿಸುವುದೂ ಬೇಡ. ಅದು ನಮ್ಮಲ್ಲಿ ಬೇಕಾದಷ್ಟು ನಡೆಯುತ್ತಿದೆ, ಆ ಮಕ್ಕಳಿಗೆ ಕಥೆ ಗೊತ್ತಾಗುತ್ತದೆ, ಇಂಗ್ಲಿಷ್ ಬರುವುದಿಲ್ಲ.

ಕನ್ನಡದ ಮೇಲೆ ಅಭಿಮಾನ ಇದ್ದರೆ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಕೇಳುವವರೂ ಇದ್ದಾರೆ. ವಿ. ಕೃ. ಗೋಕಾಕರನ್ನು ನೆನೆಯಿರಿ. 1980ರ ದಶಕದಲ್ಲಿ ಯಾವ ವರದಿಗಾಗಿ ಇಡೀ ನಾಡು ಬೀದಿಗಿಳಿಯಿತೋ ಆ ವರದಿ ಕೊಟ್ಟವರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರ ಸಂಸ್ಥೆಗೆ ನಿರ್ದೇಶಕರಾಗಿದ್ದವರು.

ಕನ್ನಡ ಗೊತ್ತಿರುವ ಶಿಕ್ಷಕರಿಗೆ ಇನ್ನೊಂದು ಅನುಕೂಲ ಇದೆ. ಮಕ್ಕಳ ತಪ್ಪು ಎಲ್ಲಿಂದ ಬರುತ್ತದೆ ಅಂತ ಅವರಿಗೆ ಕಾಣುತ್ತದೆ. "ಮೈ ಫಾದರ್ ಫಾರ್ಮರ್" ಅಂತ ಬರೆದವನು ದಡ್ಡನಲ್ಲ. "ನಮ್ಮಪ್ಪ ರೈತ" ಅನ್ನುವಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ, ಇಂಗ್ಲಿಷಿಗೆ ಬೇಕು. ಎ, ದ ಎಲ್ಲಿ ಹಾಕಬೇಕು ಅನ್ನುವುದು ವರ್ಷಗಟ್ಟಲೆ ಕಾಡುತ್ತದೆ, ಯಾಕಂದರೆ ನಮ್ಮಲ್ಲಿ ಅಂಥ ಪದಗಳೇ ಇಲ್ಲ. ಪ್ರಶ್ನೆ ಕೇಳಲು ನಮಗೆ ವಾಕ್ಯದ ಕೊನೆಗೆ ಒಂದು ಆ ಸೇರಿಸಿದರೆ ಸಾಕು, ಬರ್ತೀಯಾ, ತಿಂದೆಯಾ. ಇಂಗ್ಲಿಷಿನಲ್ಲಿ ಪದಗಳ ಜಾಗವನ್ನೇ ಬದಲಿಸಬೇಕು, ಡೂ, ಡಿಡ್ ತಂದು ಮುಂದೆ ನಿಲ್ಲಿಸಬೇಕು. ಇದನ್ನು ಎರಡು ಕಾಲಂ ಮಾಡಿ ಹಲಗೆಯ ಮೇಲೆ ತೋರಿಸಿ, ಐದೇ ನಿಮಿಷ. "ಓ, ಅದಕ್ಕೇನಾ ಸಾರ್" ಅನ್ನುತ್ತಾರೆ. ವ್ಯಾಕರಣವನ್ನು ನಾನು ಪೂರಾ ಬಿಡುವುದಿಲ್ಲ, ಪ್ರಭು ಅವರಷ್ಟು ಗಟ್ಟಿ ಮನಸ್ಸು ನನ್ನದಲ್ಲ. ಕೆಲಸದ ನಡುವೆ ಹತ್ತು ಜನ ಒಂದೇ ಥರ ತಪ್ಪಿದಾಗ, ಕೆಲಸ ಮುಗಿದ ಮೇಲೆ, ಐದು ನಿಮಿಷ. ಆಗ ಅದು ಅವರಿಗೆ ಬೇಕಾಗಿರುತ್ತದೆ.

ಇನ್ನು ಓದು. ಇದರ ಬಗ್ಗೆ ನಾವು ಮಾತಾಡುವುದು ಕಡಿಮೆ, ಮಾಡುವುದು ಇನ್ನೂ ಕಡಿಮೆ. ಫಿಜಿ ದ್ವೀಪದ ಹಳ್ಳಿ ಶಾಲೆಗಳಲ್ಲಿ 1980ರ ಸುಮಾರಿಗೆ ವಾರ್ವಿಕ್ ಎಲಿ, ಫ್ರಾನ್ಸಿಸ್ ಮಂಗುಭಾಯಿ ಅನ್ನುವವರು 4, 5ನೇ ತರಗತಿಗಳಿಗೆ ತಲಾ 250 ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟರು. ಬಣ್ಣದ ಚಿತ್ರವಿರುವ, ಮಕ್ಕಳಿಗೆ ಹಿಡಿಸುವ ಪುಸ್ತಕಗಳು. ಕೆಲವು ತರಗತಿಗಳಲ್ಲಿ ಮಕ್ಕಳು ದಿನಾ ಸುಮ್ನೆ ಕೂತು ಓದಿದರು, ಕೆಲವು ಕಡೆ ಶಿಕ್ಷಕರು ಜೊತೆಗೆ ಓದಿದರು. ಮಾಮೂಲಿ ಪಠ್ಯಪುಸ್ತಕದಲ್ಲೇ ಇದ್ದ ತರಗತಿಗಳಿಗಿಂತ ಈ ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ತುಂಬಾ ಮುಂದೆ ಹೋದರು. ಆ ಮಕ್ಕಳಿಗೂ ಇಂಗ್ಲಿಷ್ ಮನೆಮಾತಲ್ಲ, ಅವರ ಹಳ್ಳಿಗಳಲ್ಲೂ ಪುಸ್ತಕ ಅಪರೂಪ. ನಮ್ಮ ಶಾಲೆಗಳಿಗೂ ಅವಕ್ಕೂ ಬಹಳ ದೂರವಿಲ್ಲ.

250 ಪುಸ್ತಕಕ್ಕೆ ದುಡ್ಡೆಲ್ಲಿ ಅಂತ ಮೊದಲಾದರೆ ಕೇಳಬೇಕಿತ್ತು. ಈಗ ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನದವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ ಇದೆ. ಪೂರ್ತಿ ಉಚಿತ, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆದು ಹಂಚಬಹುದು, ಕಾಪಿರೈಟ್ ಭಯವಿಲ್ಲ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಅದೇ ನನಗೆ ದೊಡ್ಡ ಆಕರ್ಷಣೆ. ಕಲಿಕೆಯಲ್ಲಿ ಹಿಂದಿರುವ 8ನೇ ತರಗತಿಯ ಮಗುವಿಗೆ ಮೊದಲು ಕನ್ನಡದ್ದು ಓದಲು ಕೊಡಿ, ಆಮೇಲೆ ಇಂಗ್ಲಿಷಿನದು. ಕಥೆ ಗೊತ್ತಿರುವುದರಿಂದ ಗೊತ್ತಿಲ್ಲದ ಪದಗಳನ್ನು ಊಹಿಸುತ್ತಾ ಹೋಗುತ್ತದೆ. ಒಂದು ಎಚ್ಚರ: ಓದಿದ ಮೇಲೆ ಪ್ರಶ್ನೆ ಕೇಳಬೇಡಿ, ಸಾರಾಂಶ ಬರೆಸಬೇಡಿ. ಓದಿ ಇಟ್ಟು ಇನ್ನೊಂದು ತಗೊಳ್ಳಲಿ. ಪರೀಕ್ಷೆಯ ವಾಸನೆ ಬಡಿದರೆ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ.

ಪದ ಹುಡುಕಲು ಅಲರ್ ಅನ್ನುವ ಕನ್ನಡ-ಇಂಗ್ಲಿಷ್ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ್ದು, 1.5 ಲಕ್ಷಕ್ಕೂ ಜಾಸ್ತಿ ಪದಗಳು, 2019ರಿಂದ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತ. ಮಗುವಿಗೆ ಹೇಳಬೇಕಾದ ಮಾತು ಕನ್ನಡದಲ್ಲಿ ಹೊಳೆದಿರುತ್ತದೆ, ಅಲ್ಲಿಂದ ಇಂಗ್ಲಿಷಿಗೆ ದಾಟಲು ಇಂಥದ್ದೇ ಬೇಕು. ಸರ್ಕಾರದ ದೀಕ್ಷಾ ಆಪ್ ಶಿಕ್ಷಕರಿಗೆಲ್ಲ ಗೊತ್ತಿದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುತ್ತದೆ, ಕೆಲವು ವಿಡಿಯೊ ಚೆನ್ನಾಗಿವೆ.

ಆದರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿರುವುದು ಮಕ್ಕಳ ಮನೆಯಲ್ಲೇ ಇರುವ ಇಂಗ್ಲಿಷ್. ಮಾತ್ರೆ ಖಾಲಿಯಾದ ಸ್ಟ್ರಿಪ್, ಬಿತ್ತನೆ ಬೀಜದ ಪ್ಯಾಕೆಟ್, ಬಿಸ್ಕತ್ ಕವರ್. ಖಾಲಿ ಸ್ಟ್ರಿಪ್ ತನ್ನಿ ಅಂದರೆ ಮರುದಿನ ಮೇಜಿನ ಮೇಲೆ ರಾಶಿ ಬೀಳುತ್ತದೆ. ಗುಂಪಿಗೆ ಐದು ಕೊಟ್ಟು ಕೇಳುತ್ತೇನೆ: "ವಿಚ್ ವನ್ ಈಸ್ ದ ಓಲ್ಡೆಸ್ಟ್? ವಿಚ್ ಒನ್ಸ್ ಆರ್ ನಾಟ್ ಸೇಫ್ ನೌ?" ತಿರುಗಿಸಿ, ಬೆಳಕಿಗೆ ಹಿಡಿದು, ಎಂಎಫ್‌ಜಿ (ತಯಾರಾದ ದಿನ) ಅಂದರೇನು ಇಎಕ್ಸ್‌ಪಿ (ಅವಧಿ ಮುಗಿಯುವ ದಿನ) ಅಂದರೇನು ಅಂತ ತಮ್ಮಲ್ಲೇ ಕೇಳಿಕೊಂಡು, ತಿಂಗಳ ಹೆಸರು ಓದಿ, ವರ್ಷ ಹೋಲಿಸಿ ಸಾಲಾಗಿ ಜೋಡಿಸುತ್ತಾರೆ. ಓಲ್ಡ್, ಓಲ್ಡರ್, ಓಲ್ಡೆಸ್ಟ್ ಅಂತ ಕಂಠಪಾಠ ಮಾಡಿಸುವ ಅಗತ್ಯವೇ ಬರುವುದಿಲ್ಲ, ಅವರ ಬಾಯಲ್ಲಿ ಹತ್ತು ಸಲ ಬಂದಾಗಿರುತ್ತದೆ. ಒಬ್ಬ ಹುಡುಗಿ ಮನೆಗೆ ಹೋಗಿ ಅಜ್ಜಿಯ ಮಾತ್ರೆ ಡಬ್ಬಿಯನ್ನೆಲ್ಲ ತೆಗೆದು ಹಳೆಯದನ್ನು ಬಿಸಾಡಿದಳು ಅಂತ ಅವಳ ತಾಯಿ ಬಂದು ಹೇಳಿದರು. ಇಂಗ್ಲಿಷ್ ಬಂತಾ ಅಂತ ಆ ತಾಯಿ ಕೇಳಲಿಲ್ಲ.

ಶಿಕ್ಷಕರ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಮಕ್ಕಳಿಗೆ ಕೆಲಸ ಕೊಡಬೇಕಾದರೆ ಶಿಕ್ಷಕರಿಗೆ ಧೈರ್ಯ ಬೇಕು, ಧೈರ್ಯಕ್ಕೆ ತಮ್ಮ ಇಂಗ್ಲಿಷ್ ಮೇಲೆ ಸ್ವಲ್ಪ ಹಿಡಿತ ಬೇಕು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್, ಅದೇ ಪ್ರಭು ಅವರ ಪ್ರಯೋಗಕ್ಕೆ ಜೊತೆಯಾಗಿದ್ದದ್ದು, 1963ರಿಂದ ಇದೆ. ಅಲ್ಲಿ ಶಾಲಾ ಶಿಕ್ಷಕರಿಗೆ 30 ದಿನದ ಕೋರ್ಸ್ ನಡೆಯುತ್ತದೆ. ಅವಕಾಶ ಬಂದರೆ ಬಿಡಬೇಡಿ. ಪಾಠದ ವಿಧಾನಕ್ಕಿಂತ, ಬೇರೆ ಜಿಲ್ಲೆಯವರ ಜೊತೆ ಇಡೀ ತಿಂಗಳು ಇಂಗ್ಲಿಷಿನಲ್ಲಿ ಮಾತಾಡಿದ್ದೇ ತಮಗೆ ಜಾಸ್ತಿ ದಕ್ಕಿದ್ದು ಅಂತ ಹೋಗಿಬಂದ ಗೆಳೆಯರು ಹೇಳುತ್ತಾರೆ. ಹೋಗಲಾಗದವರು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ, ನಾಲ್ಕೈದು ಜನ ಸೇರಿ ತಿಂಗಳಿಗೊಮ್ಮೆ ಒಂದೊಂದು ಕೆಲಸವನ್ನು ತಾವೇ ಮಾಡಿ ನೋಡಬಹುದು. ಒಬ್ಬರು ಶಿಕ್ಷಕರಾಗಿ, ಉಳಿದವರು ಮಕ್ಕಳಾಗಿ. ಯಾವುದು ಅತ್ಯುತ್ತಮ ವಿಧಾನ ಅಂತ ಹುಡುಕುವುದನ್ನು ಬಿಡಿ ಅಂತ ಪ್ರಭು ಅವರೇ 1990ರಲ್ಲಿ ಒಂದು ಲೇಖನದಲ್ಲಿ ವಾದಿಸಿದರು. ಕಲಿಕೆ ಹೇಗೆ ಆಗುತ್ತದೆ ಅನ್ನುವ ಬಗ್ಗೆ ಶಿಕ್ಷಕರಿಗೆ ತಮ್ಮದೇ ಒಂದು ನಂಬಿಕೆ ಜೀವಂತವಾಗಿರಬೇಕು, ಯಂತ್ರದಂತೆ ಪಾಠ ಮಾಡುವುದೇ ನಿಜವಾದ ತೊಂದರೆ ಅನ್ನುವುದು ಅವರ ಮಾತಿನ ತಿರುಳು. ಪಾಠ ಮಾಡಿ ಮಾಡಿ ಸುಸ್ತಾದವರಿಗೆ ಇದು ತುಂಬಾ ಸಮಾಧಾನ ಕೊಡುವ ಲೇಖನ.

"ಇದೆಲ್ಲ ಸರಿ, ಎಸ್ಸೆಸ್ಸೆಲ್ಸಿ ಕಥೆ ಏನು? ಪೋರ್ಷನ್ ಯಾವಾಗ ಮುಗಿಸೋದು?" ಇದು ಸಹೋದ್ಯೋಗಿಗಳ ಪ್ರಶ್ನೆ, ಹೆಡ್‌ಮಾಸ್ಟರ ಪ್ರಶ್ನೆಯೂ ಹೌದು. ಫಲಿತಾಂಶ ಕಡಿಮೆಯಾದರೆ ಮೊದಲು ಕರೆಯುವುದು ಇಂಗ್ಲಿಷ್ ಶಿಕ್ಷಕರನ್ನೇ, ಅವರ ಒತ್ತಡ ನನಗೂ ಗೊತ್ತು. ಆದರೆ ಪ್ರಶ್ನೆಪತ್ರಿಕೆಯನ್ನು ಸರಿಯಾಗಿ ನೋಡಿ. ಒಬ್ಬ ವ್ಯಕ್ತಿಯ ಹೆಸರು, ಊರು, ಓದು, ಕೆಲಸ ಇತ್ಯಾದಿ ಕೊಟ್ಟು ಪ್ರೊಫೈಲ್ ಬರೆಯಿರಿ ಅನ್ನುತ್ತಾರೆ. ಚಿತ್ರ ಕೊಟ್ಟು ವಿವರಿಸಿ ಅನ್ನುತ್ತಾರೆ. ಇವೆಲ್ಲ ಮೂಲದಲ್ಲಿ ಕೆಲಸಗಳೇ, ನಾವೇ ಅವನ್ನು ಹೆಸರು ತುಂಬುವ ಅಚ್ಚು ಮಾಡಿ ಬಾಯಿಪಾಠಕ್ಕೆ ಇಳಿಸಿದ್ದೇವೆ. ಪ್ರೊಫೈಲ್ ಬರೆಸಲು ನಾನು ಮಕ್ಕಳನ್ನು ಮೊದಲು ಮನೆಗೆ ಕಳಿಸುತ್ತೇನೆ. ಅಜ್ಜ, ಅಜ್ಜಿ, ಪೋಸ್ಟ್‌ಮ್ಯಾನ್, ಆಶಾ ಕಾರ್ಯಕರ್ತೆ, ಯಾರನ್ನಾದರೂ ಸರಿ ಕನ್ನಡದಲ್ಲೇ ಮಾತಾಡಿಸಿ, ಆರು ವಿಷಯ ಬರೆದುಕೊಂಡು ಬನ್ನಿ ಅಂತ. ಮರುದಿನ ಆ ಆರು ವಿಷಯವನ್ನು ಇಂಗ್ಲಿಷಿಗೆ ತರಲು ಜೋಡಿ ಜೋಡಿಯಾಗಿ ಕೂರಿಸುತ್ತೇನೆ. ಪಕ್ಕದ ಜೋಡಿ ಅದನ್ನು ಓದಿ, ಅರ್ಥವಾಗದ ಕಡೆ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಬರೆದು ವಾಪಸ್ ಕೊಡಬೇಕು. ಉತ್ತರ ಸೇರಿಸಿ ಮತ್ತೆ ಬರೆಯುತ್ತಾರೆ. ಎರಡು ಪೀರಿಯಡ್ ಹಿಡಿಯುತ್ತದೆ. ಗೈಡಿನ ಪ್ರೊಫೈಲ್ ಬರೆಸಿದರೆ ಅರ್ಧ ಪೀರಿಯಡ್ ಸಾಕು. ಆದರೆ ಆ ಎರಡು ಪೀರಿಯಡ್ ಆದ ಮೇಲೆ ಪರೀಕ್ಷೆಯಲ್ಲಿ ಯಾರ ಹೆಸರು ಕೊಟ್ಟರೂ ನನ್ನ ಮಕ್ಕಳು ಪೆನ್ ಕೆಳಗಿಟ್ಟು ಕೂರುವುದಿಲ್ಲ.